ಯಾರ ಮೇಜಿನ ಮೇಲೆ ಹೃದಯ ಬಲಕ್ಕೆ ಸರಿಯಿತು? ಕಾಮಿಕ್ಸ್ ಚಿತ್ರಗಳಲ್ಲಿ ವೈದ್ಯಕೀಯ ತಪ್ಪುಗಳು

ಜಪಾನಿನ ಕಾಮಿಕ್ಸ್ ಆದ ಮಾಂಗಾ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕು. 1980 ಮತ್ತು 90ರ ದಶಕಗಳಲ್ಲಿ ಅಮೆರಿಕದ ಪ್ರಕಾಶಕರು ಅವನ್ನು ಇಂಗ್ಲಿಷಿಗೆ ತಂದಾಗ, ಅಲ್ಲಿನ ಓದುಗರಿಗೆ ಗೊಂದಲವಾಗದಿರಲೆಂದು ಎಷ್ಟೋ ಪುಸ್ತಕಗಳ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಅಚ್ಚು ಹಾಕಿದರು. ಬಲಗೈಯವರೆಲ್ಲ ಎಡಚರಾದರು. ಕಿಮೋನೋದ ಎಡ ಅಂಚು ಮೇಲೆ ಬರಬೇಕಾದದ್ದು ಕೆಳಗೆ ಹೋಯಿತು. ಜಪಾನಿನಲ್ಲಿ ಹಾಗೆ ಉಡಿಸುವುದು ಶವಕ್ಕೆ. ಎದೆ ಹಿಡಿದು ಕುಸಿಯುವ ಪಾತ್ರ ಬಲ ಎದೆ ಹಿಡಿಯಿತು, ಅಪೆಂಡಿಕ್ಸ್ ಎಡ ಹೊಟ್ಟೆಗೆ ಬಂತು. ಒಳಾಂಗಗಳೆಲ್ಲ ಹೀಗೆ ಅದಲುಬದಲಾಗಿ ಹುಟ್ಟುವವರು ನಿಜವಾಗಿಯೂ ಇದ್ದಾರೆ, ಸುಮಾರು 10,000ಕ್ಕೆ ಒಬ್ಬರು. ಮಗುಚಿದ ಪುಸ್ತಕದಲ್ಲಿ ಮಾತ್ರ ಊರಿಗೆ ಊರೇ ಹಾಗೆ.

ಇಲ್ಲಿ ಚಿತ್ರ ಬರೆದವರದು ಏನೂ ತಪ್ಪಿಲ್ಲ. ಅವರ ಮೇಜಿನಿಂದ ಪುಟ ಸರಿಯಾಗಿಯೇ ಹೊರಟಿತ್ತು. ಕಾಮಿಕ್ಸಿನ ವೈದ್ಯಕೀಯ ತಪ್ಪುಗಳನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ: ತಪ್ಪು ಯಾವ ಮೇಜಿನಲ್ಲಿ ಸೇರಿತು ಎಂದು ಹುಡುಕುವುದು. ಅಮೆರಿಕದ ದೊಡ್ಡ ಪ್ರಕಾಶನಗಳಲ್ಲಿ ಒಬ್ಬರು ಕಥೆ ಬರೆಯುತ್ತಾರೆ, ಇನ್ನೊಬ್ಬರು ಪೆನ್ಸಿಲಿನಲ್ಲಿ ಚಿತ್ರಿಸುತ್ತಾರೆ, ಮೂರನೆಯವರು ಅದರ ಮೇಲೆ ಇಂಕ್ ಎಳೆಯುತ್ತಾರೆ, ಬಣ್ಣಕ್ಕೆ ಒಬ್ಬರು, ಬಲೂನಿನೊಳಗಿನ ಅಕ್ಷರಕ್ಕೆ ಮತ್ತೊಬ್ಬರು. ಒಂದೊಂದು ಮೇಜಿಗೂ ಅದರದೇ ತಪ್ಪುಗಳಿವೆ.

ಅದಕ್ಕೆ ಮೊದಲು, ಯಾವುದನ್ನು ತಪ್ಪು ಎನ್ನಬಾರದು ಎಂಬುದು ಸ್ಪಷ್ಟವಾಗಬೇಕು. ಹಲ್ಕ್ ಕಾಮಿಕ್ಸಿನ 1962ರ ಮೇ ತಿಂಗಳ ಮೊದಲ ಸಂಚಿಕೆಯಲ್ಲಿ ಗಾಮಾ ಕಿರಣ ತಗುಲಿ ಬ್ರೂಸ್ ಬ್ಯಾನರ್ ಎಂಬ ವಿಜ್ಞಾನಿ ಹಲ್ಕ್ ಎಂಬ ದೈತ್ಯನಾಗುತ್ತಾನೆ. ನಿಜದಲ್ಲಿ ಇಡೀ ಮೈಗೆ ಸುಮಾರು 4 ಗ್ರೇ (ಮೈ ಹೀರಿದ ವಿಕಿರಣದ ಅಳತೆ) ವಿಕಿರಣ ಬಿದ್ದರೆ ಕೆಲವು ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ, ನಡುವೆ ಕೆಲವು ದಿನ ಚೇತರಿಸಿಕೊಂಡಂತೆ ಕಾಣುತ್ತದೆ, ಆಮೇಲೆ ಮೂಳೆಯ ಮಜ್ಜೆ ಸತ್ತು ರಕ್ತಕಣಗಳು ಬರಿದಾಗುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಅರ್ಧದಷ್ಟು ಜನ ವಾರಗಳಲ್ಲಿ ಸಾಯುತ್ತಾರೆ. ಆದರೆ ಹಲ್ಕ್ ಹುಟ್ಟುವುದು ಕಥೆಯ ಕರಾರು. ಓದುಗ ಅದನ್ನು ಒಪ್ಪಿಕೊಂಡೇ ಪುಸ್ತಕ ತೆರೆದಿದ್ದಾನೆ. (ಅವನ ಹಸಿರು ಬಣ್ಣಕ್ಕೂ ಗಾಮಾ ಕಿರಣಕ್ಕೂ ಸಂಬಂಧವಿಲ್ಲ. ಮೊದಲ ಸಂಚಿಕೆಯಲ್ಲಿ ಅವನು ಬೂದು. ಆ ಬೂದು ಪುಟದಿಂದ ಪುಟಕ್ಕೆ ಒಂದೇ ಥರ ಅಚ್ಚಾಗಲಿಲ್ಲವೆಂದು ಎರಡನೆಯದರಿಂದ ಹಸಿರು ಮಾಡಿದರು.) ತಪ್ಪು ಎನ್ನಬೇಕಾದ್ದು, ಅದೇ ಕಥೆಯಲ್ಲಿ ಯಾವ ಶಕ್ತಿಯೂ ಇಲ್ಲದ ಸಾಮಾನ್ಯ ಮನುಷ್ಯ ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ ಡ್ರಿಪ್ ಬಾಟಲಿ ಅವನ ಕೈಗಿಂತ ಕೆಳಗೆ ಇದ್ದರೆ.

ಬರಹಗಾರರ ಮೇಜಿನ ದೊಡ್ಡ ತಪ್ಪು, ತಲೆಗೆ ಬಿದ್ದ ಪೆಟ್ಟು. ಕಾವಲುಗಾರನ ತಲೆಗೆ ಹಿಂದಿನಿಂದ ಒಂದು ಏಟು, ಅವನು ಮೂರು ಗಂಟೆ ಎಚ್ಚರ ತಪ್ಪಿ ಬಿದ್ದಿರುತ್ತಾನೆ, ಎದ್ದು ತಲೆ ಸವರಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಏಟಿನಿಂದ ಮಿದುಳು ಅಲುಗಿ ಪ್ರಜ್ಞೆ ಹೋದರೆ ಸಾಮಾನ್ಯವಾಗಿ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. 30 ನಿಮಿಷ ದಾಟಿತೆಂದರೆ ವೈದ್ಯರು ಅದನ್ನು ಸಣ್ಣ ಗಾಯ ಎಂದು ಕರೆಯುವುದೇ ಇಲ್ಲ. 24 ಗಂಟೆ ದಾಟಿದರೆ ತೀವ್ರ ಗಾಯ. ಮೂರು ಗಂಟೆ ಬಿದ್ದವನಿಗೆ ಸಿಟಿ ಸ್ಕ್ಯಾನ್ ಬೇಕು. ಎದ್ದ ಮೇಲೂ ವಾಂತಿ, ತಲೆಸುತ್ತು ಇರುತ್ತದೆ, ಏಟು ಬಿದ್ದ ಹೊತ್ತಿನ ನೆನಪು ಅಳಿಸಿಹೋಗಿರುತ್ತದೆ. ಕೆಲವರಿಗೆ ಮೊದಲು ಚೆನ್ನಾಗಿ ಎಚ್ಚರವಾಗಿ, ಕೆಲವು ಗಂಟೆಗಳ ನಂತರ ತಲೆಬುರುಡೆಯೊಳಗೆ ರಕ್ತ ತುಂಬಿ ಮತ್ತೆ ಪ್ರಜ್ಞೆ ತಪ್ಪುತ್ತದೆ. ಕಥೆ ಬರೆಯುವವರಿಗೆ ಇದಕ್ಕಿಂತ ಬಿಗಿಯಾದ ಸನ್ನಿವೇಶ ಇನ್ನೇನು ಬೇಕು! ಆದರೂ ಅದನ್ನು ಬಳಸುವವರು ಕಡಿಮೆ.

ಎರಡನೆಯದು ಭುಜಕ್ಕೆ ಬಿದ್ದ ಗುಂಡು. "ಭುಜಕ್ಕೆ ಮಾತ್ರ ತಗುಲಿದೆ" ಎಂದು ನಾಯಕ ಓಡುತ್ತಲೇ ಇರುತ್ತಾನೆ. ಕೊರಳೆಲುಬಿನ ಕೆಳಗೆ ಕೈಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ ಇದೆ. ಅದರ ಸುತ್ತ ಇಡೀ ತೋಳನ್ನು ಆಡಿಸುವ ನರಗಳ ಜಾಲ. ಅದರ ಹಿಂದೆಯೇ ಶ್ವಾಸಕೋಶದ ತುದಿ. ಅಪಧಮನಿ ಹರಿದರೆ ಅಲ್ಲಿ ಪಟ್ಟಿ ಬಿಗಿದು ರಕ್ತ ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ಇಕ್ಕಳದಿಂದ ಗುಂಡು ಕಿತ್ತು ಬಟ್ಟಲಿಗೆ ಟಣ್ ಎಂದು ಹಾಕಿದ ಕೂಡಲೇ ರೋಗಿ ಉಳಿದ ಎಂಬುದೂ ಸುಳ್ಳು. ಕೊಲ್ಲುವುದು ಒಳಗೆ ಕೂತ ಲೋಹವಲ್ಲ, ಅದು ಬಂದ ದಾರಿ. ತೊಂದರೆ ಕೊಡದ ಜಾಗದಲ್ಲಿದ್ದರೆ ಶಸ್ತ್ರವೈದ್ಯರು ಗುಂಡನ್ನು ಎಷ್ಟೋ ಸಲ ಅಲ್ಲೇ ಬಿಡುತ್ತಾರೆ.

ರಕ್ತ ಕೊಡುವ ದೃಶ್ಯಗಳಿಗೂ ಇದೇ ಗತಿ. 1980ರಲ್ಲಿ ಬಂದ ಶೀ-ಹಲ್ಕ್ ಮೊದಲ ಸಂಚಿಕೆಯಲ್ಲಿ ಗುಂಡೇಟು ತಿಂದ ಸೋದರಸಂಬಂಧಿಗೆ ಬ್ರೂಸ್ ಬ್ಯಾನರ್ ತನ್ನ ರಕ್ತವನ್ನೇ ಕೊಡುತ್ತಾನೆ. ಅವಳಿಗೆ ಶಕ್ತಿ ಬಂದದ್ದು ಕರಾರು, ಅದಿರಲಿ. ಆದರೆ ಕಾಮಿಕ್ಸಿನಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ, ಅಕ್ಕಪಕ್ಕ ಮಲಗಿದ ಇಬ್ಬರ ಮೊಣಕೈ ಮಡಿಕೆಯಿಂದ ಮಡಿಕೆಗೆ ಒಂದು ನಳಿಕೆ. ಇಬ್ಬರ ಅಭಿಧಮನಿಗಳಲ್ಲೂ ಒತ್ತಡ ಹೆಚ್ಚುಕಡಿಮೆ ಒಂದೇ, ಅದೂ ತೀರ ಕಡಿಮೆ. ತಳ್ಳುವವರೇ ಇಲ್ಲದ ಮೇಲೆ ರಕ್ತ ಯಾಕೆ ಹರಿಯಬೇಕು? 20ನೇ ಶತಮಾನದ ಮೊದಲ ವರ್ಷಗಳಲ್ಲಿ ನೇರವಾಗಿ ರಕ್ತ ಕೊಡುತ್ತಿದ್ದ ವೈದ್ಯರು ದಾನಿಯ ಅಪಧಮನಿಯನ್ನು ಕೊಯ್ದು ರೋಗಿಯ ಅಭಿಧಮನಿಗೆ ಜೋಡಿಸುತ್ತಿದ್ದದ್ದು ಇದಕ್ಕೇ. ಆಗಲೂ ಎಷ್ಟು ರಕ್ತ ಹೋಯಿತೆಂದು ಅಳೆಯಲು ಆಗುತ್ತಿರಲಿಲ್ಲ, ನಳಿಕೆಯಲ್ಲೇ ಹೆಪ್ಪುಗಟ್ಟುತ್ತಿತ್ತು. 1914ರಲ್ಲಿ ಸಿಟ್ರೇಟ್ ಬೆರೆಸಿ ಹೆಪ್ಪು ತಡೆಯುವ ದಾರಿ ಸಿಕ್ಕ ಮೇಲೆ ದಾನಿ, ರೋಗಿ ಒಂದೇ ಕೋಣೆಯಲ್ಲಿ ಮಲಗಬೇಕಾದ ಅಗತ್ಯವೇ ತಪ್ಪಿತು. ಸಂಬಂಧಿಕರ ರಕ್ತ ಹೊಂದಿಯೇ ಹೊಂದುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಒಡಹುಟ್ಟಿದವರ ಗುಂಪುಗಳೇ ಬೇರೆ ಬೇರೆ ಇರಬಹುದು.

ಮಾತು ತಪ್ಪಾಗಿ ಚಿತ್ರ ಸರಿಯಾದ ಒಂದು ಪ್ರಸಿದ್ಧ ಪುಟವಿದೆ: 1973ರ ಜೂನ್, ಸ್ಪೈಡರ್‌ಮ್ಯಾನ್ 121ನೇ ಸಂಚಿಕೆ. ಸೇತುವೆಯ ಗೋಪುರದಿಂದ ಬೀಳುವ ತನ್ನ ಗೆಳತಿ ಗ್ವೆನ್ ಸ್ಟೇಸಿಯನ್ನು ಸ್ಪೈಡರ್‌ಮ್ಯಾನ್ ಜೇಡದೆಳೆ ಎಸೆದು ಕಾಲಿನ ಬಳಿ ಹಿಡಿಯುತ್ತಾನೆ. ಅವಳ ಕುತ್ತಿಗೆಯ ಹತ್ತಿರ 'ಸ್ನ್ಯಾಪ್' ಎಂಬ ಪುಟ್ಟ ಸದ್ದು ಬರೆದಿದೆ. ಖಳ ಹೇಳುವುದು, ಅಷ್ಟು ಎತ್ತರದಿಂದ ಬಿದ್ದವರು ನೆಲ ಮುಟ್ಟುವ ಮೊದಲೇ ಸಾಯುತ್ತಾರೆ ಎಂದು. ಅದು ಸುಳ್ಳು. ವಿಮಾನದಿಂದ ಹಾರುವವರು ಪ್ಯಾರಾಚೂಟ್ ಬಿಚ್ಚುವ ಮೊದಲು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಬೀಳುತ್ತಾರೆ, ಎಚ್ಚರವಾಗಿಯೇ ಇರುತ್ತಾರೆ. ಕೊಲ್ಲುವುದು ಬೀಳುವುದಲ್ಲ, ತಟ್ಟನೆ ನಿಲ್ಲುವುದು. 90 ಮೀಟರ್ ಬಿದ್ದ ದೇಹದ ವೇಗ ಸೆಕೆಂಡಿಗೆ 42 ಮೀಟರ್. ಅದನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಿದರೆ ದೇಹದ ಮೇಲೆ ಬೀಳುವ ಬಲ ಅದರ ತೂಕದ ಎಂಟೊಂಬತ್ತು ಪಟ್ಟು. ಕಾಲು ನಿಂತಿತು, ಆಸರೆ ಇಲ್ಲದ ತಲೆ ಚಾಟಿಯಂತೆ ಮುಂದೆ ಹೋಯಿತು. ಉಸಿರಾಟದ ವಪೆಯನ್ನು ಆಡಿಸುವ ನರ ಹೊರಡುವುದು ಕತ್ತಿನ 3, 4, 5ನೇ ಹಂತದಿಂದ. ಅದರ ಮೇಲ್ಗಡೆ ಬೆನ್ನುಹುರಿ ತುಂಡಾದರೆ ಉಸಿರು ನಿಂತಿತೆಂದೇ ಅರ್ಥ. ಚಿತ್ರ ಬರೆದ ಗಿಲ್ ಕೇನ್ ಹಾಗೂ ಆ ಪುಟ್ಟ ಸದ್ದು ಹೇಳಿದ್ದೇ ನಿಜ. ಆ ಪುಟದಲ್ಲಿ ಮಾತಿಗೂ ಚಿತ್ರಕ್ಕೂ ಸೇತುವೆಯ ವಿಷಯದಲ್ಲೂ ಹೊಂದಿಕೆಯಿಲ್ಲ: ಬರಹ ಜಾರ್ಜ್ ವಾಷಿಂಗ್ಟನ್ ಸೇತುವೆ ಎನ್ನುತ್ತದೆ, ಬಿಡಿಸಿರುವುದು ಬ್ರೂಕ್ಲಿನ್ ಸೇತುವೆಯಂತಿದೆ.

ಇನ್ನು ಪೆನ್ಸಿಲಿನ ಮೇಜು. ಇಲ್ಲಿ ಮೂಲ ಕಾರಣ ಒಂದೇ: ಕಲಾವಿದರು ಆಸ್ಪತ್ರೆಯನ್ನು ನೋಡಿ ಬರೆಯುವುದಿಲ್ಲ, ಹಿಂದಿನ ಕಾಮಿಕ್ಸಿನ ಆಸ್ಪತ್ರೆಯನ್ನು ನೋಡಿ ಬರೆಯುತ್ತಾರೆ.

ಡ್ರಿಪ್ಪನ್ನೇ ತೆಗೆದುಕೊಳ್ಳಿ. ಬಾಟಲಿ ರೋಗಿಯ ಕೈಗಿಂತ ಸುಮಾರು ಒಂದು ಮೀಟರ್ ಮೇಲೆ ತೂಗಬೇಕು, ಯಾಕೆಂದರೆ ಅದನ್ನು ಒಳಗೆ ತಳ್ಳುವುದು ಅದರ ತೂಕವೇ. ಬಾಟಲಿಯ ಕೆಳಗೆ ಹನಿ ಬೀಳುವುದು ಕಾಣುವ ಪುಟ್ಟ ಕೋಣೆ, ಅದು ಅರ್ಧ ತುಂಬಿರಬೇಕು. ಅದರ ಕೆಳಗೆ ನಳಿಕೆಯ ಮೇಲೆ ಚಕ್ರವಿರುವ ಕ್ಲಾಂಪು. ಕೊನೆಗೆ ಕೈಯಲ್ಲಿ ಟೇಪು ಸುತ್ತಿದ ಕ್ಯಾನುಲಾ, ಅಂದರೆ ಅಭಿಧಮನಿಯೊಳಗೆ ಹೋಗುವ ಪುಟ್ಟ ನಳಿಕೆ. ಕ್ಯಾನುಲಾದ ತುದಿ ಹೃದಯದ ಕಡೆಗೆ, ಅಂದರೆ ಮುಂಗೈಯಿಂದ ಮೊಣಕೈ ಕಡೆಗೆ ಮುಖ ಮಾಡಿರಬೇಕು. ಬೆರಳುಗಳ ಕಡೆಗೆ ತಿರುಗಿದ ಕ್ಯಾನುಲಾ ಕಾಮಿಕ್ಸಿನಲ್ಲಿ ಮಾಮೂಲು. ಅದರ ಬಣ್ಣಕ್ಕೂ ಅರ್ಥವಿದೆ: ಗುಲಾಬಿ 20 ಗೇಜು, ಹಸಿರು 18, ಬೂದು 16. ಅಪಘಾತದಲ್ಲಿ ರಕ್ತ ಸುರಿಯುತ್ತಿರುವವನಿಗೆ ದಪ್ಪನೆಯ ಬೂದು ಅಥವಾ ಹಸಿರು ಹಾಕುತ್ತಾರೆ, ಮಕ್ಕಳಿಗೆ ಹಾಕುವ 24ರ ಸಪೂರ ಹಳದಿಯನ್ನಲ್ಲ. ಸಾಧಾರಣ ಸೆಟ್ಟಿನಲ್ಲಿ 20 ಹನಿಗೆ 1 ಮಿ.ಲೀ.; 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಹಾಗಾಗಿ ರಾತ್ರಿಯ ಚಿತ್ರಚೌಕದಲ್ಲೂ ಬೆಳಗಿನ ಚಿತ್ರಚೌಕದಲ್ಲೂ ಬಾಟಲಿ ಅಷ್ಟೇ ತುಂಬಿದ್ದರೆ ಕ್ಲಾಂಪು ಮುಚ್ಚಿದೆ ಎಂದರ್ಥ.

ಡ್ರಿಪ್ ಮೇಲೆ ಇದ್ದರೆ ಮೂತ್ರದ ಚೀಲ ಕೆಳಗೆ ಇರಬೇಕು. ಎಚ್ಚರವಿಲ್ಲದ ರೋಗಿಗೆ ಮೂತ್ರದ ನಳಿಕೆ (ಕ್ಯಾಥೆಟರ್) ಹಾಕಿಯೇ ಇರುತ್ತಾರೆ. ಚೀಲ ಮಂಚದ ಪಕ್ಕದಲ್ಲಿ, ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುತ್ತದೆ. ಕಾಮಿಕ್ಸಿನಲ್ಲಿ ತಿಂಗಳುಗಟ್ಟಲೆ ಕೋಮಾದಲ್ಲಿ ಮಲಗಿದವರಿಗೂ ಇದು ಕಾಣಿಸುವುದಿಲ್ಲ, ಮೂಗಿನಿಂದ ಹೊಟ್ಟೆಗೆ ಹೋಗುವ ಊಟದ ನಳಿಕೆಯೂ ಕಾಣಿಸುವುದಿಲ್ಲ. ಮುಖ ಸುಂದರವಾಗಿ ಕಾಣಲಿ ಎಂಬ ಆಸೆ ಅರ್ಥವಾಗುತ್ತದೆ. ಆದರೆ ಊಟವೂ ಮೂತ್ರವೂ ಇಲ್ಲದ ರೋಗಿಯನ್ನು ಬರೆದರೆ, ಅವನನ್ನು ಹಗಲಿರುಳು ನೋಡಿಕೊಳ್ಳುವ ನರ್ಸಿನ ಕೆಲಸವೇ ಕಥೆಯಿಂದ ಅಳಿಸಿಹೋಗುತ್ತದೆ.

ಸ್ಟೆತಾಸ್ಕೋಪಿನ ಕಿವಿತುದಿಗಳು ಮುಂದಕ್ಕೆ, ಮೂಗಿನ ಕಡೆಗೆ ಬಾಗಿರಬೇಕು, ಕಿವಿಯ ದಾರಿ ಆ ಕಡೆಗೇ ಓರೆಯಾಗಿರುವುದರಿಂದ. ತಿರುಗಿಸಿ ಹಾಕಿದರೆ ತೂತು ಕಿವಿಯ ಗೋಡೆಗೆ ಒತ್ತಿ ಏನೂ ಕೇಳಿಸುವುದಿಲ್ಲ. ಕೈ ಮೂಳೆ ಮುರಿದರೆ ಪ್ಲಾಸ್ಟರ್ ಮುರಿದ ಜಾಗಕ್ಕಷ್ಟೇ ಅಲ್ಲ. ಮುಂಗೈಯ ಎರಡೂ ಮೂಳೆ ನಡುವೆ ಮುರಿದಿದ್ದರೆ ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಅಲುಗಾಡದಂತೆ, ಮೊಣಕೈಯ ಮೇಲಿನವರೆಗೂ ಹೋಗಬೇಕು. ಕಾಮಿಕ್ಸಿನ ಪ್ಲಾಸ್ಟರ್ ಬಳೆ ತೊಟ್ಟ ಹಾಗೆ ನಡುವೆ ಮಾತ್ರ ಇರುತ್ತದೆ. ಕತ್ತಿಗೆ ಕಟ್ಟಿದ ತೂಗುಪಟ್ಟಿಯಲ್ಲಿ ಅಂಗೈ ಮೊಣಕೈಗಿಂತ ತುಸು ಮೇಲಿರಬೇಕು, ಇಲ್ಲವಾದರೆ ಬೆರಳು ಊದಿಕೊಳ್ಳುತ್ತವೆ. ಬೆರಳ ತುದಿ ಹೊರಗೆ ಕಾಣಬೇಕು. ರಕ್ತ ಓಡುತ್ತಿದೆಯೇ ಎಂದು ವೈದ್ಯರು ನೋಡುವುದು ಅಲ್ಲೇ.

ಪೆನ್ಸಿಲಿನ ಮೇಜಿನಲ್ಲಿ ಅತಿ ಹೆಚ್ಚು ಹಿಂಸೆಗೆ ಒಳಗಾಗುವ ಅಂಗ ಬೆನ್ನು. ಹೆಣ್ಣು ಪಾತ್ರಗಳ ಎದೆ, ನಿತಂಬ ಎರಡೂ ಒಂದೇ ಚೌಕದಲ್ಲಿ ಓದುಗನ ಕಡೆ ತಿರುಗಿರುವ ಭಂಗಿ ಯಾರಿಗೆ ಗೊತ್ತಿಲ್ಲ! ಬೆನ್ನುಮೂಳೆಯಲ್ಲಿ ಕತ್ತಿಗೆ 7, ಎದೆಗೆ 12, ಸೊಂಟಕ್ಕೆ 5 ಕಶೇರುಮಣಿ. ಸೊಂಟದ ಮಣಿಗಳ ಕೀಲುಗಳು ಹೆಚ್ಚುಕಡಿಮೆ ಎಡ-ಬಲಕ್ಕೆ ಮುಖ ಮಾಡಿ ಕೂತಿವೆ. ಬಾಗಲು ಬಿಡುತ್ತವೆ, ತಿರುಚಲು ಬಿಡುವುದಿಲ್ಲ. ನಾವು ತಿರುಗಿದಂತೆ ಕಾಣುವುದರಲ್ಲಿ ಹೆಚ್ಚಿನ ಪಾಲು ಎದೆಯ ಭಾಗದ ಮಣಿಗಳದು, ಉಳಿದದ್ದು ತೊಡೆಯ ಕೀಲಿನದು. ಸೊಂಟವನ್ನು ಬಟ್ಟೆ ಹಿಂಡಿದಂತೆ ತಿರುಚಿ ಬರೆದ ಕೂಡಲೇ ಆ ಐದೂ ಮಣಿಗಳ ಕೀಲು ಕಿತ್ತುಬಂದಿವೆ ಎಂದಾಯಿತು.

ಬೆನ್ನು ಮುರಿಯುವ ಚಿತ್ರಗಳಲ್ಲಿ ಹೆಸರಾದದ್ದು 1993ರ ಬ್ಯಾಟ್‌ಮ್ಯಾನ್ 497ನೇ ಸಂಚಿಕೆಯದು. ಬೇನ್ ಎಂಬ ಖಳ ಬ್ಯಾಟ್‌ಮ್ಯಾನ್‌ನನ್ನು ತಲೆಯ ಮೇಲೆ ಎತ್ತಿ ತನ್ನ ಮಂಡಿಗೆ ಅಪ್ಪಳಿಸುತ್ತಾನೆ. ಮಂಡಿ ತಾಗಿದ್ದು ಎಲ್ಲಿ ಎಂಬುದರ ಮೇಲೆ ಮುಂದಿನ ಸಂಚಿಕೆಗಳೆಲ್ಲ ನಿಂತಿವೆ. ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದವಿಲ್ಲ. ಅದು ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರ ಮುಗಿದು, ಕೆಳಗೆ ಕುದುರೆಬಾಲದಂತೆ ನರಗಳ ಕಟ್ಟು ಇಳಿಯುತ್ತದೆ. ಎದೆಯ ಕೊನೆಯ ಮಣಿ, ಸೊಂಟದ ಮೊದಲ ಮಣಿ ಸೇರುವ ಕಡೆ ಮುರಿದರೆ ಹುರಿಯೇ ಜಜ್ಜಿಹೋಗಬಹುದು. ಸೊಂಟದ ಮೂರನೆಯದರ ಕೆಳಗೆ ಮುರಿದರೆ ಪೆಟ್ಟು ನರದ ಕಟ್ಟಿಗೆ. ಕಾಲು ಪೂರ್ತಿ ಸೋಲದಿರಬಹುದು, ಆದರೆ ಮಲಮೂತ್ರದ ಹಿಡಿತ ತಪ್ಪಬಹುದು. ಹುರಿಗೆ ಪೆಟ್ಟಾದ ಮೊದಲ ದಿನಗಳಲ್ಲಿ ಕಾಲುಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ವಾರಗಳ ನಂತರ ಬಿಗಿದುಕೊಂಡು ಸೆಟೆಯುತ್ತವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಬ್ಯಾಟ್‌ಮ್ಯಾನ್ ಕೊನೆಗೆ ಎದ್ದು ನಡೆಯುವುದು ಒಬ್ಬ ವೈದ್ಯೆಯ ಅತಿಮಾನುಷ ಶಕ್ತಿಯಿಂದ. ಅದು ಕರಾರಿನ ಒಳಗೇ ಬರುತ್ತದೆ, ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಗಾಲಿಕುರ್ಚಿಯಲ್ಲಿ ಕೂತ ತಿಂಗಳುಗಳಲ್ಲೂ ತೊಡೆಗಳನ್ನು ಅಷ್ಟೇ ದಪ್ಪ ಬರೆಯುವ ಅಭ್ಯಾಸಕ್ಕೆ. ಕೆಲಸವಿಲ್ಲದ ಸ್ನಾಯು ವಾರಗಳಲ್ಲೇ ಸೊರಗಲು ಶುರುಮಾಡುತ್ತದೆ.

ಇಂಕಿನ ಮೇಜಿನಲ್ಲಿ ಕೆಡುವುದು ಗೆರೆಗಳು. ಇಸಿಜಿಯನ್ನು ಗರಗಸದ ಹಲ್ಲಿನಂತೆ ಎಳೆದುಬಿಡುತ್ತಾರೆ. ಒಂದು ಬಡಿತದಲ್ಲಿ ಮೊದಲು ಚಿಕ್ಕ ಉಬ್ಬು, ಸ್ವಲ್ಪ ಸಮತಟ್ಟು, ಆಮೇಲೆ ಚೂಪಾದ ಏರಿಳಿತ, ಕೊನೆಗೆ ಅಗಲವಾದ ದುಂಡು ಉಬ್ಬು ಇರಬೇಕು. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ನಾಡಿ 75 ಇದ್ದರೆ ಚೂಪಿನಿಂದ ಚೂಪಿಗೆ 20 ಮಿ.ಮೀ., ಅಂದರೆ ನಾಲ್ಕು ದೊಡ್ಡ ಚೌಕ. ಡಿಎನ್‌ಎ ಏಣಿಯಂತೂ ವಿಜ್ಞಾನ ಪತ್ರಿಕೆಗಳ ಮುಖಪುಟದಲ್ಲೂ ಉಲ್ಟಾ ಅಚ್ಚಾಗುತ್ತದೆ. ನಮ್ಮ ಜೀವಕೋಶಗಳ ಸಾಮಾನ್ಯ ಡಿಎನ್‌ಎ ಬಲಸುತ್ತಿನದು, ಮಾಮೂಲಿ ಸ್ಕ್ರೂವಿನ ಹಾಗೆ: ನಿಲ್ಲಿಸಿ ನೋಡಿದರೆ ನಮ್ಮ ಕಡೆ ಕಾಣುವ ಎಳೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರಬೇಕು. ಮನೆಯಲ್ಲಿರುವ ಒಂದು ಸ್ಕ್ರೂ ಪಕ್ಕದಲ್ಲಿಟ್ಟುಕೊಂಡರೆ ತಪ್ಪುವ ಪ್ರಶ್ನೆಯೇ ಇಲ್ಲ. ಎದೆಯ ಎಕ್ಸ್‌ರೇಗೂ ಹೀಗೇ ಒಂದು ಗುರುತಿದೆ. ರೋಗಿ ನಮ್ಮೆದುರು ನಿಂತಂತೆ ಫಿಲ್ಮನ್ನು ಹಿಡಿಯುತ್ತಾರೆ. ಹೃದಯದ ಉಬ್ಬು ನೋಡುವವರ ಬಲಗಡೆ ಬರಬೇಕು, ಅದರ ಕೆಳಗೆ ಜಠರದ ಗಾಳಿಯ ಕಪ್ಪು ಗುಳ್ಳೆ.

ಬಣ್ಣದ ಮೇಜಿನ ತಪ್ಪು ನಮ್ಮ ಓದುಗರಿಗೆ ಹೆಚ್ಚು ಹತ್ತಿರದ್ದು. ಜ್ವರ ಬಂದರೆ ಕೆನ್ನೆ ಕೆಂಪು, ಹೆದರಿದರೆ ಮುಖ ಬಿಳಿ, ಉಸಿರುಕಟ್ಟಿದರೆ ಮುಖ ನೀಲಿ. ಈ ಬಣ್ಣಗಳೆಲ್ಲ ಬಿಳಿ ಚರ್ಮ ನೋಡಿ ಹುಟ್ಟಿದವು. ಕಂದು ಮೈಬಣ್ಣದ ಪಾತ್ರಕ್ಕೂ ಅದನ್ನೇ ಬಳಿದರೆ ಚಿತ್ರ ಸುಳ್ಳಾಗುತ್ತದೆ. ನಮ್ಮಲ್ಲಿ ರಕ್ತಹೀನತೆ ನೋಡುವುದು ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗೆ, ನಾಲಿಗೆ ಮತ್ತು ಅಂಗೈಗಳಲ್ಲಿ. ಆಮ್ಲಜನಕ ಇಳಿದಾಗಿನ ನೀಲಿ ಕಾಣುವುದು ತುಟಿಯ ಒಳಬದಿ, ನಾಲಿಗೆ, ಉಗುರಿನ ಬುಡದಲ್ಲಿ. ಕಾಮಾಲೆ ಮೊದಲು ಕಣ್ಣಿನ ಬಿಳಿಯಲ್ಲಿ. 100 ಮಿ.ಲೀ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು 3 ಮಿ.ಗ್ರಾಂ. ಹತ್ತಿರ ಬರುವವರೆಗೆ ಅದೂ ಕಣ್ಣಿಗೆ ಬೀಳುವುದಿಲ್ಲ. ಪೆಟ್ಟು ಬಿದ್ದ ಜಾಗ ಅದೇ ಸಂಜೆ ಹಳದಿಯಾಗುವುದಿಲ್ಲ. ಕೆಂಪು, ನೇರಳೆ, ಹಸಿರು, ಹಳದಿ ಎಂದು ಬಣ್ಣ ಬದಲಾಗಿ ಮಾಯಲು ಸುಮಾರು ಎರಡು ವಾರ ಬೇಕು. ನೆಲದ ಮೇಲೆ ಚೆಲ್ಲಿದ ರಕ್ತ ಮರುದಿನಕ್ಕೆ ಕಂದಾಗಿರುತ್ತದೆ. ರಕ್ತದ ಚೀಲದಲ್ಲಿರುವುದೂ ಅಭಿಧಮನಿಯಿಂದ ತೆಗೆದದ್ದು, ಕಡುಗೆಂಪು, ಕುಂಕುಮದಂಥ ಕೆಂಪಲ್ಲ.

ಅಕ್ಷರ ಬರೆಯುವವರ ಮೇಜಿನಲ್ಲಿ ಒಂದೇ ತಪ್ಪು, ಆದರೆ ದೊಡ್ಡದು. ವೆಂಟಿಲೇಟರಿನ ನಳಿಕೆ ಬಾಯಿಯಿಂದ ಇಳಿದು ಸ್ವರತಂತುಗಳ ನಡುವೆಯೇ ಹಾದುಹೋಗುತ್ತದೆ. ದೊಡ್ಡವರಲ್ಲಿ ಹಲ್ಲಿನ ಹತ್ತಿರದ ಗುರುತು 21ರಿಂದ 23 ಸೆಂ.ಮೀ. ಕೆಳಗೆ ಉಬ್ಬಿಸಿದ ಬಲೂನು ಶ್ವಾಸನಾಳವನ್ನು ಮುಚ್ಚಿರುವುದರಿಂದ ಸ್ವರತಂತುಗಳಿಗೆ ಗಾಳಿಯೇ ಸಿಗುವುದಿಲ್ಲ. ಅಂಥ ರೋಗಿಯ ಬಾಯಿಂದ "ಅವನನ್ನು ಬಿಡಬೇಡ..." ಎಂಬ ಮಾತಿನ ಬಲೂನು ಹೊರಡಲಾರದು, ಪಿಸುಮಾತು ಕೂಡ ಬರದು. ಕಥೆಗೆ ಆ ಮಾತು ಬೇಕೇ ಬೇಕಾದರೆ ಮೂಗಿಗೆ ಎರಡು ಕಡ್ಡಿಯ ನಳಿಕೆ ಬರೆಯಿರಿ. ನಿಮಿಷಕ್ಕೆ 6 ಲೀಟರ್‌ವರೆಗಿನ ಆಮ್ಲಜನಕ ಅದರಲ್ಲಿ ಹೋಗುತ್ತದೆ, ರೋಗಿ ಮಾತೂ ಆಡಬಲ್ಲ. ಅಥವಾ ಅವನ ಕೈಗೊಂದು ಪೆನ್ನು ಕೊಡಿ.

ವೈದ್ಯ ಬರೆದರೆ ತಪ್ಪುಗಳಿರುವುದಿಲ್ಲವೇ? ಮಾಂಗಾ ಕಲಾವಿದ ಒಸಾಮು ತೆಜುಕಾ ಒಸಾಕಾದಲ್ಲಿ ವೈದ್ಯಕೀಯ ಓದಿದವರು, 1961ರಲ್ಲಿ ಅದರಲ್ಲೇ ಡಾಕ್ಟರೇಟ್ ಪಡೆದವರು. ಅವರ 'ಬ್ಲ್ಯಾಕ್ ಜ್ಯಾಕ್' 1973ರಿಂದ ಹತ್ತು ವರ್ಷ ಬಂತು. ಅದರ ಪಿನೋಕೋ ಎಂಬ ಪುಟ್ಟ ಹುಡುಗಿ, ಅವಳಿ ಅಕ್ಕನ ಮೈಯೊಳಗಿನ ಗಡ್ಡೆಯಿಂದ ತೆಗೆದ ಅಂಗಗಳನ್ನು ಜೋಡಿಸಿ ಮಾಡಿದವಳು. ಟೆರಟೋಮಾ ಎಂಬ ಗಡ್ಡೆಯಲ್ಲಿ ಕೂದಲು, ಹಲ್ಲು, ಕೆಲವೊಮ್ಮೆ ಮಿದುಳಿನ ಅಂಗಾಂಶವೂ ಸಿಗುವುದು ನಿಜ. ಆದರೆ ಅವು ಚೂರುಗಳು. ಯೋಚಿಸುವ ಮಿದುಳು ಅದರಲ್ಲಿ ಬೆಳೆಯುವುದಿಲ್ಲ. ತೆಜುಕಾಗೆ ಇದು ಗೊತ್ತಿರಲಿಲ್ಲವೆಂದು ನಂಬಲು ಸಾಧ್ಯವೇ ಇಲ್ಲ. ಅವರು ಕರಾರಿನ ಗೆರೆಯನ್ನು ತಿಳಿದೇ ಎಳೆದರು.

ಒಂದು ಚಿತ್ರಕ್ಕೆ ಮಾತ್ರ ಯಾವ ಕರಾರೂ ಸಲ್ಲಬಾರದು: ಎದೆ ಒತ್ತಿ ಜೀವ ಉಳಿಸುವ ಚಿತ್ರ. ಓದುಗ ಅದನ್ನು ನೋಡಿ ನಾಳೆ ಮಾಡಬಹುದು. ಕಾಮಿಕ್ಸಿನಲ್ಲಿ ನಾಯಕ ಮೊಣಕೈ ಮಡಿಸಿ ಎಡ ಎದೆಯ ಮೇಲೆ ಗುದ್ದುತ್ತಾನೆ, ನಾಲ್ಕು ಸಲಕ್ಕೆ ರೋಗಿ ಕೆಮ್ಮಿ ಏಳುತ್ತಾನೆ. ಸರಿಯಾಗಿ ಬರೆಯುವುದಾದರೆ: ರೋಗಿ ಗಟ್ಟಿ ನೆಲದ ಮೇಲೆ, ಮಂಚದ ಮೇಲಲ್ಲ. ಒಂದು ಅಂಗೈಯ ಬುಡ ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ನೆಟ್ಟಗೆ, ಭುಜ ಕೈಗಳ ನೇರ ಮೇಲೆ; ಒತ್ತುವುದು ತೋಳಿನ ಬಲವಲ್ಲ, ಮೈಯ ಭಾರ. ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಬಾಯಿಂದ ಉಸಿರು ಕೊಡಲು ಬಲ್ಲವರು 30 ಒತ್ತಿಗೆ ಎರಡು ಉಸಿರು ಕೊಡಬೇಕು. ಬಾರದವರು ಒತ್ತುತ್ತಲೇ ಇರಬೇಕು. ಶಾಕ್ ಕೊಡುವ ಯಂತ್ರದ ಪಟ್ಟಿ ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ, ನಡುವೆ ಹೃದಯ ಬರುವಂತೆ. ಎರಡನ್ನೂ ಮುಂಭಾಗದಲ್ಲಿ ಅಕ್ಕಪಕ್ಕ ಅಂಟಿಸಿದರೆ ವಿದ್ಯುತ್ತು ಚರ್ಮದ ಮೇಲೇ ಹೋಗುತ್ತದೆ. ಮಾನಿಟರಿನಲ್ಲಿ ಗೆರೆ ಪೂರ್ತಿ ಮಲಗಿದ್ದರೆ ಶಾಕ್ ಕೊಡುವುದೇ ಇಲ್ಲ. ಶಾಕ್ ಇರುವುದು ಅಡ್ಡಾದಿಡ್ಡಿ ನಡುಗುವ ಹೃದಯವನ್ನು ಒಮ್ಮೆ ನಿಲ್ಲಿಸಿ ಅದರ ಲಯ ಮರಳಲು ಅವಕಾಶ ಕೊಡಲು; ಮಲಗಿದ ಗೆರೆಗೆ ಎದೆ ಒತ್ತುವುದು, ಅಡ್ರಿನಲಿನ್ ಕೊಡುವುದು. ಹಾಗಾಗಿ ಯಂತ್ರದ ಪರದೆಯ ಮೇಲೆ ನೆಟ್ಟಗಿನ ಗೆರೆಯ ಬದಲು ಒರಟು, ಏರುಪೇರಾದ ನಡುಕ ಬರೆಯಿರಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಬೇಕಾದ್ದರಿಂದ ಈ ದೃಶ್ಯಕ್ಕೆ ಒಂದು ಚೌಕ ಸಾಲದು: ಒತ್ತಿದ್ದು ಒಂದರಲ್ಲಿ, ಬಿಟ್ಟದ್ದು ಇನ್ನೊಂದರಲ್ಲಿ, ಎರಡರಲ್ಲೂ ಅಂಗೈ ಎದೆಯಿಂದ ಏಳದೆ.